ಆಪ್ತಸಲಹೆ ಪ್ರಕರಣ: ಸ್ಮಾರ್ಟ್ ಬೋರ್ಡಿಗೆ ಹೆದರಿದ ವಿಜ್ಞಾನ ಟೀಚರ್

ಉಡುಪಿ ಜಿಲ್ಲೆಯ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ವಯಸ್ಸು ಐವತ್ತು ದಾಟಿದೆ. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಮನೆಯ, ಶಾಲೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಮ್ಮ ಕಡೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಕೂತರೆ ಸಾಕು, ಯಾರು ಯಾವ ಶಾಲೆ, ಯಾರ ಶಿಷ್ಯರು ಎಂಬುದೆಲ್ಲ ಪಾಯಸ ಬರುವುದರೊಳಗೆ ಗೊತ್ತಾಗುತ್ತದೆ. ಹಾಗಾಗಿ ಬದಲಿ ಹೆಸರೂ ಬೇಡ. ಟೀಚರ್ ಎಂದಷ್ಟೇ ಕರೆಯುತ್ತೇನೆ.

ಅವರು ಹೇಳಿಕೊಂಡು ಬಂದದ್ದು ನಿದ್ರೆಯ ತೊಂದರೆ. ಭಾನುವಾರ ಸಂಜೆಯಾದರೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ನಡುರಾತ್ರಿ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಸೋಮವಾರ ಎರಡನೇ ಪೀರಿಯಡ್ ಸ್ಮಾರ್ಟ್ ಕ್ಲಾಸಿನಲ್ಲಿ. ಬೆಂಗಳೂರಿನಲ್ಲಿರುವ ಮಗಳು ಒತ್ತಾಯ ಮಾಡಿ ಕಳಿಸಿದ್ದಳು. ಬ್ಯಾಗಿನಲ್ಲಿ ಎರಡು ಕಾಗದ ಇದ್ದವು. ಒಂದು, ಸ್ವಯಂನಿವೃತ್ತಿ ಕೋರುವ ಅರ್ಜಿಯ ಕರಡು. ಇನ್ನೊಂದು, ಆಡಳಿತ ಮಂಡಳಿ ಎಲ್ಲ ಶಿಕ್ಷಕರಿಗೂ ಹಂಚಿದ ಫಾರಂ: ‘ತರಗತಿಯಲ್ಲಿ ತಂತ್ರಜ್ಞಾನ ಬಳಸುವ ನಿಮ್ಮ ಕೌಶಲ’ ಎಂಬ ಒಂದೇ ಸಾಲು, ಅದರ ಮುಂದೆ ಅತ್ಯುತ್ತಮ, ಉತ್ತಮ, ಸಾಧಾರಣ, ಕಡಿಮೆ ಎಂದು ನಾಲ್ಕು ಚೌಕ. ನಿವೃತ್ತಿಯ ಅರ್ಜಿಯನ್ನು ಕೂತಲ್ಲೇ ಬರೆದು ಮುಗಿಸಿದ್ದರು. ಫಾರಂ ಮಾತ್ರ ವಾರಗಟ್ಟಲೆ ಖಾಲಿ ಉಳಿದಿತ್ತು.

ಮನಸ್ಸಿನ ವಿಚಾರಕ್ಕೆ ಕೂಡಲೇ ಇಳಿಯಲಿಲ್ಲ. ಈ ವಯಸ್ಸಿನ ಹೆಂಗಸರು ಎದೆಬಡಿತ, ಬೆವರು, ನಿದ್ರೆಯಿಲ್ಲ ಎಂದು ಬಂದರೆ ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಬಿಪಿ ನೋಡಿಸಬೇಕು. ಮುಟ್ಟು ನಿಲ್ಲುವ ಕಾಲದ ಏರುಪೇರೂ ಇವೇ ಲಕ್ಷಣಗಳನ್ನು ತರುತ್ತದೆ. ಅವರ ಮಾಮೂಲಿ ಡಾಕ್ಟರಿಗೆ ಚೀಟಿ ಬರೆದು ಕಳಿಸಿದೆ. ಬಿಪಿ ಸ್ವಲ್ಪ ಮೇಲಿತ್ತು, ಉಳಿದದ್ದು ಸರಿ. ಆತಂಕ ಅಳೆಯುವ ಜಿಎಡಿ–7 ಪ್ರಶ್ನಾವಳಿಯಲ್ಲಿ ಗರಿಷ್ಠ ಅಂಕ 21. ಟೀಚರದ್ದು 10ರಿಂದ 14ರೊಳಗಿನ ಮಧ್ಯಮ ಹಂತ. ಜೀವ ಬೇಡ ಎನ್ನುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ. ದಸರಾ ರಜೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿದ್ದಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ಆರಾಮ. ಅಂದರೆ ಈ ಆತಂಕಕ್ಕೆ ಒಂದು ಟೈಮ್‌ಟೇಬಲ್ ಇತ್ತು.

ಶುರುವಾದದ್ದು ಜುಲೈಯಲ್ಲಿ. ಹಳೆವಿದ್ಯಾರ್ಥಿಗಳು ಸೇರಿ ಶಾಲೆಗೆ ಒಂದು ದೊಡ್ಡ ಟಚ್ ಪ್ಯಾನೆಲ್ ಕೊಡಿಸಿದ್ದರು. ಉದ್ಘಾಟನೆಯ ದಿನ ಮಾದರಿ ಪಾಠ ಯಾರದ್ದು? ಹಿರಿಯರು ಎಂಬ ಮರ್ಯಾದೆಗೆ ಟೀಚರದ್ದು. ಹಿಂದಿನ ಸಾಲಿನಲ್ಲಿ ಕೂತ ದಾನಿಗಳಲ್ಲಿ ಕೆಲವರು ಅವರ ಕೈಯಲ್ಲೇ ಕಲಿತವರು. ಬೆಳಕಿನ ವಕ್ರೀಭವನದ ಪಾಠ. ಲ್ಯಾಪ್‌ಟಾಪ್ ಜೋಡಿಸಿದರು, ಬೋರ್ಡು ಕಪ್ಪಗೇ ಇತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ, “ಟೀಚರ್, ಸೋರ್ಸ್ ಒತ್ತಿ” ಎಂದ. ಚಿತ್ರ ಬಂತು, ಆದರೆ ರಾತ್ರಿಯೆಲ್ಲ ಕೂತು ಮಾಡಿದ ಪಿಪಿಟಿಯಲ್ಲಿ ಕನ್ನಡದ ಒಂದಕ್ಷರವೂ ಇಲ್ಲ, ಎಲ್ಲ ಕಡೆ ಮೇಲೆ ಕೆಳಗೆ ಚುಕ್ಕೆ ಗೀಟು ಹೊತ್ತ ಪರಕೀಯ ಅಕ್ಷರಗಳು. ಬೆರಳಿನಿಂದ ಮುಂದೆ ಸರಿಸಲು ನೋಡಿದರು, ಬೋರ್ಡು ಕದಲಲಿಲ್ಲ. ಕೊನೆಗೆ ತಮ್ಮ ಫೋನನ್ನೇ ಬೋರ್ಡಿಗೆ ಜೋಡಿಸಿ ಫೋಟೋ ತೋರಿಸುವಾಗ ಮಕ್ಕಳೆಲ್ಲ ಒಮ್ಮೆಲೇ ನಕ್ಕರು. ಟೀಚರ್ ಫೋನು ಕಿತ್ತುಕೊಂಡು, ಕಿರಿಯ ಸಹೋದ್ಯೋಗಿಗೆ ಪಾಠ ಒಪ್ಪಿಸಿ ಸ್ಟಾಫ್ ರೂಮಿಗೆ ಹೋದರು. ಆ ಕಿರಿಯರು ಯೂಟ್ಯೂಬಿನ ಒಂದು ವಿಡಿಯೋ ಹಾಕಿದರು. ಚಪ್ಪಾಳೆ ಬಿತ್ತು.

ಅಲ್ಲಿಂದ ಟೀಚರ್ ಆ ಕೋಣೆಯ ಪೀರಿಯಡ್‌ಗಳನ್ನು ಬೇರೆಯವರೊಂದಿಗೆ ಅದಲು ಬದಲು ಮಾಡಿಕೊಳ್ಳತೊಡಗಿದರು. ಮಾಡಿಕೊಳ್ಳಲಾಗದ್ದು ಸೋಮವಾರದ್ದು ಮಾತ್ರ.

“ನನಗೆ ಎಂತದೂ ಬರುವುದಿಲ್ಲ ಮೇಡಂ. ಆ ಬೋರ್ಡಿಗೆ ನನ್ನ ಬೆರಳು ಕೂಡ ಆಗುವುದಿಲ್ಲ. ಚಾಕ್ ಹಿಡಿದು ಹಿಡಿದು ಒಣಗಿ ಹೋಗಿದೆಯೋ ಏನೋ” ಎಂದರು. ನಗುವ ಹಾಗೆ ಹೇಳಿದರೂ ಕಣ್ಣು ತುಂಬಿತ್ತು.

ಸಹೋದ್ಯೋಗಿಗಳು ಸಮಾಧಾನ ಹೇಳಿದ್ದರಂತೆ: ನಿಮ್ಮ ಬೋರ್ಡು–ಚಾಕಿನ ಪಾಠದ ಮುಂದೆ ಇದೆಲ್ಲ ಎಂತ ಟೀಚರ್, ಬಿಟ್ಟುಬಿಡಿ. ಪ್ರೀತಿಯ ಮಾತೇ. ಆದರೆ ಅದನ್ನು ನಾನು ಹೇಳಲಿಲ್ಲ. ಭಯ ಹುಟ್ಟಿಸುವ ಜಾಗದಿಂದ ತಪ್ಪಿಸಿಕೊಂಡಷ್ಟೂ ಭಯ ಗಟ್ಟಿಯಾಗುತ್ತದೆ, ಆತಂಕದ ಸ್ವಭಾವವೇ ಹಾಗೆ. ಇಂಥ ಸಮಾಧಾನ ತಪ್ಪಿಸಿಕೊಳ್ಳಲು ಸಿಕ್ಕಿದ ಪರವಾನಗಿ ಆಗಿಬಿಡುತ್ತದೆ.

ಬದಲಿಗೆ ಆ ಮಾದರಿ ಪಾಠವನ್ನು ಪ್ರಯೋಗದ ವರದಿಯಂತೆ ಬರೆದು ತರಲು ಹೇಳಿದೆ. ಪ್ರತಿ ವರ್ಷ ನೂರಾರು ಪ್ರಾಕ್ಟಿಕಲ್ ರೆಕಾರ್ಡ್ ತಿದ್ದುವ ಟೀಚರ್ ತಮ್ಮ ವಿಷಯದಲ್ಲಿ ಮಾತ್ರ ವೀಕ್ಷಣೆ ಬಿಟ್ಟು ನೇರ ತೀರ್ಮಾನಕ್ಕೆ ಹಾರಿದ್ದರು. ಪ್ಯಾನೆಲ್ ಜೋಡಿಸಿ ಹೋದ ಹುಡುಗನಿಗೆ ತಾವೇ ಫೋನು ಮಾಡಿ, ಆ ದಿನ ಏನೇನಾಯಿತೆಂದು ಹೇಳಿ ಕಾರಣ ಕೇಳಿಕೊಂಡು ಬರಬೇಕು ಎಂಬುದೂ ಮನೆಕೆಲಸದಲ್ಲಿ ಸೇರಿತ್ತು. ಫೋನು ಮಾಡಲು ಅವರಿಗೆ ನಾಲ್ಕೈದು ದಿನ ಹಿಡಿಯಿತು.

ಬರೆದು ತಂದದ್ದನ್ನು ಇಬ್ಬರೂ ಕೂತು ನೋಡಿದೆವು. ಅಕ್ಷರ ಕೆಟ್ಟದ್ದು ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಿಂದ. ಆ ಫಾಂಟುಗಳಲ್ಲಿ ಟೈಪು ಮಾಡಿದ್ದು ಕಂಪ್ಯೂಟರಿನ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿಯೇ. ಕನ್ನಡದ ರೂಪ ಕೊಡುವುದು ಫಾಂಟು. ಅದು ಇಲ್ಲದ ಯಂತ್ರದಲ್ಲಿ ಕನ್ನಡ ಕಾಣುವುದಿಲ್ಲ. ಎಲ್ಲ ಯಂತ್ರಗಳಿಗೂ ಒಂದೇ ಆದ ಸಂಕೇತ ಪದ್ಧತಿ ಯೂನಿಕೋಡಿನಲ್ಲಿ ಟೈಪು ಮಾಡಿದರೆ, ಇಲ್ಲವೇ ಪಿಡಿಎಫ್ ಮಾಡಿ ಒಯ್ದರೆ ಈ ತೊಂದರೆ ಇಲ್ಲ. ಕರ್ನಾಟಕದ ಎಷ್ಟು ಕಚೇರಿಗಳಲ್ಲಿ, ಎಷ್ಟು ಡಿಟಿಪಿ ಅಂಗಡಿಗಳಲ್ಲಿ ದಿನವೂ ಇದೇ ರಗಳೆ ನಡೆಯುತ್ತದೋ! ಅವರ್‍ಯಾರೂ ಸ್ವಯಂನಿವೃತ್ತಿ ಕೇಳಿದ್ದಿಲ್ಲ.

ಬೆರಳಿನ ಕಥೆ ಇನ್ನೂ ಸರಳ. ಲ್ಯಾಪ್‌ಟಾಪಿನಿಂದ ಬೋರ್ಡಿಗೆ ಎಚ್‌ಡಿಎಂಐ ಕೇಬಲ್ ಒಂದೇ ಹೋಗಿತ್ತು. ಅದು ಚಿತ್ರ, ಶಬ್ದ ಒಯ್ಯುತ್ತದೆ. ಬೆರಳಿನ ಸ್ಪರ್ಶವನ್ನು ಲ್ಯಾಪ್‌ಟಾಪಿಗೆ ತಲುಪಿಸಲು ಬೇರೆ ಯುಎಸ್‌ಬಿ ಕೇಬಲ್ ಬೇಕು. ಅದು ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ಇನ್ನು ಚಿತ್ರ ಎಲ್ಲಿಂದ ಬರಬೇಕೆಂದು ಬೋರ್ಡಿಗೆ ಹೇಳುವ ಸೋರ್ಸ್ ಬಟನ್. ಆ ದಿನದ ಅಷ್ಟೂ ಗಲಾಟೆಯಲ್ಲಿ ಟೀಚರಿಗೆ ನಿಜಕ್ಕೂ ಗೊತ್ತಿಲ್ಲದ್ದು ಇದೊಂದೇ ಎಂದರೂ ನಡೆದೀತು. ಕಲಿಯಲು ಒಂದು ನಿಮಿಷ ಸಾಕು.

ಉಳಿದದ್ದು ಮಕ್ಕಳ ನಗು. ನೋವು ಇದ್ದದ್ದು ಅಲ್ಲೇ. ಟೀಚರ ತಂದೆಯೂ ಮಾಷ್ಟ್ರು. ಅವರ ಕಾಲದಲ್ಲಿ ಮಾಷ್ಟ್ರಿಗೆ ಗೊತ್ತಿಲ್ಲದ್ದು ಇರುತ್ತದೆ ಎಂದು ಮಕ್ಕಳು ಯೋಚಿಸುತ್ತಲೂ ಇರಲಿಲ್ಲ, ಯೋಚಿಸಿದರೂ ನಗುತ್ತಿರಲಿಲ್ಲ. “ಮಕ್ಕಳ ಎದುರು ಮರ್ಯಾದೆ ಹೋದ ಮೇಲೆ ಎಂತ ಪಾಠ ಮಾಡುವುದು ಮೇಡಂ?” ಮಕ್ಕಳು ನಕ್ಕದ್ದು ಯಾಕೆಂದು ಅವರಿಗೆ ಹೇಗೆ ಗೊತ್ತು ಎಂದು ಕೇಳಿದೆ. ಕೇಳಬೇಕೆ, ಅದು ಗೊತ್ತಾಗುವುದಿಲ್ಲವೇ ಎಂದರು. ಕೇಳಲೇಬೇಕು ಎಂದೆ. ಬೋರ್ಡು ಒರೆಸಿ ಕೊಡುವ ಒಬ್ಬ ಹುಡುಗಿಯ ಹತ್ತಿರ ಸಲಿಗೆ ಇತ್ತು; ಅವಳನ್ನು ಕೇಳಿದರು. ಉತ್ತರ ಹೀಗಿತ್ತು: “ಟೀಚರ್, ನಾವು ಬೂತಾಯಿಗೆ ನಗಾಡಿದ್ದು.”

ಫೋನನ್ನು ಬೋರ್ಡಿಗೆ ಜೋಡಿಸಿದ ಹೊತ್ತಿಗೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಾದಿನಿಯ ಮೆಸೇಜು ಬಂದಿತ್ತು: ‘ಇವತ್ತು ಬೂತಾಯಿ ಫ್ರೆಶ್ ಉಂಟು, ತೆಗೊಳ್ಳುವುದಾ?’ ಮೀನಿನ ಈ ಮಾತು ಆಳೆತ್ತರದ ಬೋರ್ಡಿನ ತಲೆಯ ಮೇಲೆ ಹಾದುಹೋಗಿತ್ತು. ಲ್ಯಾಪ್‌ಟಾಪಿನ ಕಡೆ ಮುಖ ಮಾಡಿದ್ದ ಟೀಚರ್ ಅದನ್ನು ನೋಡಿಯೇ ಇರಲಿಲ್ಲ. ಇದನ್ನು ಹೇಳುವಾಗ ನನ್ನ ಕೋಣೆಯಲ್ಲಿ ಅವರು ನಕ್ಕದ್ದು ಪಕ್ಕದ ಕೋಣೆಗೂ ಕೇಳಿಸಿರಬೇಕು.

ಹಾಗೆಂದು ತೊಂದರೆಯೆಲ್ಲ ಕೇಬಲ್ಲು, ಫಾಂಟು, ಬೂತಾಯಿಯದ್ದೇ ಅಲ್ಲ. ಟೀಚರಲ್ಲಿ ನಿಜವಾದ ಕೊರತೆಗಳೂ ಇದ್ದವು, ಅವುಗಳ ಬೇರು 2020ರಲ್ಲಿತ್ತು. ಆ ಮಾರ್ಚಿನಲ್ಲಿ ಶಾಲೆ ಮುಚ್ಚಿ, ಪಾಠ ಗೂಗಲ್ ಮೀಟಿಗೆ ಬಂದಾಗ ಮಗಳು ಮನೆಯಲ್ಲಿದ್ದಳು. ಲಿಂಕ್ ಕಳಿಸುವುದು, ಸ್ಕ್ರೀನ್ ಶೇರ್ ಮಾಡುವುದು ಎಲ್ಲ ಅವಳದ್ದು. ಅಮ್ಮ ಮಾತಾಡಿದರೆ ಸಾಕು. ಮಗಳು ಬೆಂಗಳೂರಿಗೆ ಹೋದ ಮೇಲೆ ಆ ಜಾಗಕ್ಕೆ ಕಿರಿಯ ಸಹೋದ್ಯೋಗಿ ಬಂದರು. ಪ್ರಶ್ನೆಪತ್ರಿಕೆಯ ಚಿತ್ರ ಸೇರಿಸುವುದು, ಮಕ್ಕಳ ದಾಖಲೆಯ ಸರಕಾರಿ ಜಾಲತಾಣ ಸ್ಯಾಟ್ಸ್‌ನಲ್ಲಿ ಅಂಕ ತುಂಬುವುದು, ಎಲ್ಲ. ಸರಕಾರದ ಕಲಿಕಾ ಆ್ಯಪ್ ದೀಕ್ಷಾದ ತರಬೇತಿಯ ಪ್ರಮಾಣಪತ್ರಗಳು ಟೀಚರ ಕಡತದಲ್ಲಿ ಅಚ್ಚುಕಟ್ಟಾಗಿವೆ. ಅವುಗಳಲ್ಲಿ ಕೆಲವಕ್ಕೆ ವಿಡಿಯೋ ಓಡಿದ್ದು ಅಡುಗೆಮನೆಯ ಕಟ್ಟೆಯ ಮೇಲೆ, ಕುಕ್ಕರಿನ ಸೀಟಿಯ ಜೊತೆ. ಅವರೇ ಹೇಳಿದ್ದು. ಹೀಗೆ ನೆರವು ಪಡೆದ ಪ್ರತಿ ಸಲವೂ ಕೆಲಸ ಆಗುತ್ತದೆ, ಜೊತೆಗೆ ‘ನನ್ನಿಂದ ಆಗದ್ದು’ ಎಂಬ ನಂಬಿಕೆಗೆ ಇನ್ನೊಂದು ಸಾಕ್ಷಿ ಸೇರುತ್ತದೆ. ಇದನ್ನು ಟೀಚರಿಗೆ ಮೃದುವಾಗಿ ಹೇಳಲಿಲ್ಲ. ಅವರಿಗೆ ಬೇಕಾದದ್ದೂ ಮೃದು ಮಾತಲ್ಲ.

ಆ ನಾಲ್ಕು ಚೌಕಗಳ ಫಾರಂ ಬಗ್ಗೆ ನನಗೆ ಸಿಟ್ಟಿದೆ. ಒಬ್ಬ ಶಿಕ್ಷಕಿಯ ಇಷ್ಟೆಲ್ಲ ಕೆಲಸವನ್ನು ಒಂದು ಟಿಕ್ಕಿನಲ್ಲಿ ಹೇಳು ಎಂದರೆ ಆಕೆ ಹೋಲಿಸಿಕೊಳ್ಳುವುದು ಯಾರೊಂದಿಗೆ? ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಚುರುಕಾಗಿ ಮೌಸ್ ಆಡಿಸುವವರೊಂದಿಗೆ. ಯುನೆಸ್ಕೋ 2018ರಲ್ಲಿ ಪರಿಷ್ಕರಿಸಿದ ಶಿಕ್ಷಕರ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಸಾಮರ್ಥ್ಯದ ಚೌಕಟ್ಟಿನಲ್ಲಿ ಮೂರು ಹಂತಗಳಲ್ಲಿ ಹರಡಿದ 18 ಸಾಮರ್ಥ್ಯಗಳಿವೆ. ಅವು ಬರುವುದು ಆರು ಮುಖಗಳ ಅಡಿಯಲ್ಲಿ: ನೀತಿಯ ತಿಳಿವಳಿಕೆ, ಪಠ್ಯಕ್ರಮ ಮತ್ತು ಮೌಲ್ಯಮಾಪನ, ಬೋಧನೆಯ ವಿಧಾನ, ಡಿಜಿಟಲ್ ಕೌಶಲಗಳ ಬಳಕೆ, ಸಂಘಟನೆ ಮತ್ತು ಆಡಳಿತ, ಶಿಕ್ಷಕರ ಸ್ವಂತ ಕಲಿಕೆ. ಯಂತ್ರ ನಡೆಸುವುದು ಆರರಲ್ಲಿ ಒಂದು. ಟೀಚರ ಮುಂದೆ ಈ ಆರನ್ನೂ ಇಟ್ಟು, ಪ್ರತಿಯೊಂದಕ್ಕೂ ತಮ್ಮ ಪಾಠದಿಂದ ಒಂದು ಉದಾಹರಣೆ ಕೊಡಿ ಎಂದೆ. ಬೋಧನೆಯ ವಿಧಾನಕ್ಕೆ ಬಂದಾಗ ಮಾತು ನಿಲ್ಲಲೇ ಇಲ್ಲ. ಯಾವ ವಿಡಿಯೋದಲ್ಲಿ ಮಸೂರದ ಕಿರಣಚಿತ್ರ ತಪ್ಪಾಗಿದೆ, ಯಾವುದು ಕನ್ನಡ ಮಾಧ್ಯಮದ ಮಕ್ಕಳ ಕಿವಿಗೆ ಹತ್ತದಷ್ಟು ವೇಗವಾಗಿದೆ ಎಂಬುದೆಲ್ಲ ಬಾಯಲ್ಲೇ ಇತ್ತು. ‘ಡಿಜಿಟಲ್ ಕೌಶಲ’ಕ್ಕೆ ಬಂದಾಗ ಸುಮ್ಮನಾದರು. ‘ಆಡಳಿತ’ಕ್ಕೂ. ಕೊರತೆ ಎಲ್ಲಿದೆ, ಎಷ್ಟಿದೆ ಎಂದು ಅವರಿಗೇ ಕಂಡದ್ದು ಆಗ.

ಮುಂದಿನ ಸಲಹೆಗೆ ಆಧಾರ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ವಿಚಾರ. ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ: ಸ್ವತಃ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನು ಕಂಡದ್ದು, ನಂಬುವವರ ಮಾತು, ಮತ್ತು ತನ್ನ ಮೈ ಕೊಡುವ ಸೂಚನೆಯನ್ನು ಓದುವ ರೀತಿ. ಎರಡನೆಯದು ಇಲ್ಲಿ ಬಹಳ ಮುಖ್ಯವಾಯಿತು. ಇಪ್ಪತ್ತೆಂಟರ ಸಹೋದ್ಯೋಗಿಯನ್ನು ಎಷ್ಟು ನೋಡಿದರೂ ಟೀಚರಿಗೆ ಧೈರ್ಯ ಬರುವುದಿಲ್ಲ. ನಿಮ್ಮ ವಯಸ್ಸಿನವರು, ಎಡವುತ್ತಲೇ ಬಳಸುವವರು ಯಾರಿದ್ದಾರೆ ಎಂದು ಕೇಳಿದೆ. ಯೋಚಿಸಿ, “ನಮ್ಮ ಪಿ.ಟಿ. ಮಾಷ್ಟ್ರು” ಎಂದರು. ಅವರು ತ್ರೋಬಾಲ್ ತಂಡದ ಹುಡುಗಿಯರ ಆಟವನ್ನು ಫೋನಿನಲ್ಲಿ ನಿಧಾನಗತಿಯಲ್ಲಿ ಹಿಡಿದು ಬೋರ್ಡಿನಲ್ಲಿ ತೋರಿಸುತ್ತಾರೆ. ಕೈ ಎಲ್ಲಿ ತಪ್ಪಿತು ಎಂದು ಮಕ್ಕಳೇ ಹೇಳಬೇಕು. ಟೀಚರ್ ಹಿಂದೆ ಕೂತು ನೋಡಿ ಬಂದರು. ಮಾಷ್ಟ್ರು ತಪ್ಪು ಬಟನ್ ಒತ್ತಿದಾಗ, “ಇದು ನಿನ್ನೆಯೂ ಬರ್ಲಿಲ್ಲ, ಇವತ್ತೂ ಡೌಟು, ಯಾರಿಗೆ ಗೊತ್ತುಂಟು ಬನ್ನಿ” ಎಂದರಂತೆ. ಮಕ್ಕಳು ನಗಲಿಲ್ಲ, ಮೂರು ಜನ ಎದ್ದು ಬಂದರು.

ಆಮೇಲಿನದು ಮೆಟ್ಟಿಲು ಮೆಟ್ಟಿಲಾಗಿ. ಮೊದಲಿಗೆ ಶನಿವಾರ ಶಾಲೆ ಬಿಟ್ಟ ಮೇಲೆ ಖಾಲಿ ಸ್ಮಾರ್ಟ್ ಕ್ಲಾಸಿನಲ್ಲಿ ಒಬ್ಬರೇ: ಬೋರ್ಡು ಆನ್ ಮಾಡಿ, ಸೋರ್ಸ್ ಬದಲಿಸಿ, ಪೆನ್‌ಡ್ರೈವ್ ತೆರೆದು, ಮುಚ್ಚಿ, ಆಫ್ ಮಾಡಿ ಬರುವುದು. ಎದೆ ಹೊಡೆದುಕೊಂಡರೆ ಓಡಿ ಬರಬಾರದು. ಹೆದರಿಕೆ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಬೇಕು. ಬಡಿತ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಮೈಗೆ ಕಲಿಸುವುದೇ ಈ ಅಭ್ಯಾಸದ ಗುರಿ, ಬೋರ್ಡು ಕಲಿಯುವುದು ಮೇಲಿನ ಲಾಭ. ಮುಂದಿನ ಮೆಟ್ಟಿಲು ನಾಲ್ಕೈದು ಮಕ್ಕಳೊಂದಿಗೆ. ಅದರಾಚೆ ಪೂರ್ತಿ ತರಗತಿಯಲ್ಲಿ ಹತ್ತೇ ನಿಮಿಷದ ಒಂದು ತುಣುಕು, ಉಳಿದ ಪಾಠ ಚಾಕಿನಲ್ಲೇ. ಸ್ವಂತ ಫೋನನ್ನು ಬೋರ್ಡಿಗೆ ಜೋಡಿಸುವುದು ಬೇಡ, ಜೋಡಿಸಲೇಬೇಕಾದರೆ ನೋಟಿಫಿಕೇಶನ್ ನಿಲ್ಲಿಸಿ. ಮಕ್ಕಳ ಸಹಾಯ ಕೇಳಿ, ಆದರೆ ಅಂಕಪಟ್ಟಿ ಇರುವ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಕೊಡಬೇಡಿ. ಕಿರಿಯ ಸಹೋದ್ಯೋಗಿಗೆ ಒಂದೇ ವಿನಂತಿ: ಪಕ್ಕದಲ್ಲಿ ಕೂರಿ, ಬಾಯಲ್ಲಿ ಹೇಳಿ, ಮೌಸ್ ಮುಟ್ಟಬೇಡಿ. ಅವರಿಗೆ ಇದು ಕಷ್ಟವಾಯಿತೆಂದು ಕೇಳಿದೆ.

ಪ್ರತಿ ಪಾಠದ ನಂತರ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಲು ಹೇಳಿದ್ದೆ: ಪಾಠ ಏನು, ಯಂತ್ರ ಏನು ಮಾಡಿತು, ಮಕ್ಕಳಿಗೆ ಏನಾಯಿತು, ಎದೆಬಡಿತ ಹತ್ತಕ್ಕೆ ಎಷ್ಟು. ಅವರ ಒಪ್ಪಿಗೆಯಿಂದ ಒಂದು ದಿನದ್ದು ಇಲ್ಲಿ ಕೊಡುತ್ತೇನೆ:

‘ಓಮ್‌ನ ನಿಯಮ. ಫೆಟ್ ಸಿಮ್ಯುಲೇಶನ್ ಪೆನ್‌ಡ್ರೈವಿನಿಂದ ತೆರೆಯಿತು. ರೋಧ ಹೆಚ್ಚಿಸಿದಾಗ ಎಲೆಕ್ಟ್ರಾನುಗಳು ನಿಧಾನವಾದದ್ದನ್ನು ಎಲ್ಲರೂ ನೋಡಿದರು. ಇದನ್ನು ಚಾಕಿನಲ್ಲಿ ತೋರಿಸಲು ನನಗೆ ಯಾವತ್ತೂ ಆಗಿಲ್ಲ. ಇಬ್ಬರು ಬೇಕೆಂದೇ ಬ್ಯಾಟರಿ ಶಾರ್ಟ್ ಮಾಡಿ ಬೆಂಕಿ ಬರಿಸಿದರು, ಗಲಾಟೆ. ಆದರೆ ಅಮ್ಮೀಟರನ್ನು ಸರಣಿಯಲ್ಲೇ ಯಾಕೆ ಜೋಡಿಸಬೇಕು ಎಂದರೆ ಒಬ್ಬರಿಗೂ ಹೇಳಲು ಬರಲಿಲ್ಲ. ನಾಳೆ ಲ್ಯಾಬಿನ ಅಮ್ಮೀಟರ್ ತಂದು ಕೈಯಲ್ಲಿ ಕೊಡುವುದು. ಎದೆ: ಶುರುವಿಗೆ 7, ಬೆಂಕಿ ಬಂದಾಗ ನೆನಪಿಲ್ಲ.’

ಫೆಟ್ ಎಂಬುದು ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಉಚಿತ ಸಿಮ್ಯುಲೇಶನ್‌ಗಳ ಸಂಗ್ರಹ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಮಳೆಗಾಲದ ನಮ್ಮ ಶಾಲೆಗಳಿಗೆ ಇದು ಸಣ್ಣ ವಿಷಯವಲ್ಲ. ಆದರೆ ನನ್ನ ಕಣ್ಣು ನಿಂತದ್ದು ಅಮ್ಮೀಟರಿನ ಸಾಲಿನ ಮೇಲೆ. ಬೋರ್ಡು ಏನನ್ನು ಕಲಿಸಿತು, ಏನನ್ನು ಕಲಿಸಲಿಲ್ಲ ಎಂದು ಅದೇ ದಿನ ಗುರುತಿಸಿ ಮರುದಿನದ ಪಾಠ ಬದಲಿಸುವುದು ಆ ಫಾರಂನ ಯಾವ ಚೌಕದಲ್ಲಿ ಬರುತ್ತದೆ?

ಶಾಲೆಗೆ ಸಂಬಂಧಿಸಿದ್ದನ್ನು ಶಾಲೆಗೇ ಹೇಳಬೇಕು. ಮುಖ್ಯೋಪಾಧ್ಯಾಯರಿಗೆ ಒಂದು ಪತ್ರವನ್ನು ಇಬ್ಬರೂ ಸೇರಿ ಬರೆದೆವು, ಕಾಯಿಲೆಯ ಸುದ್ದಿ ಇಲ್ಲದೆ: ಯುಎಸ್‌ಬಿ ಕೇಬಲನ್ನು ಗೋಡೆಗೆ ಶಾಶ್ವತವಾಗಿ ಜೋಡಿಸಬೇಕು, ವಾರಕ್ಕೆ ಒಂದು ಪೀರಿಯಡ್ ಕೋಣೆಯನ್ನು ಶಿಕ್ಷಕರ ಅಭ್ಯಾಸಕ್ಕೆ ಬಿಡಬೇಕು, ಒಂದು ಯುಪಿಎಸ್ ಬೇಕು. ಮೊದಲೆರಡು ಆಯಿತು. ಮೂರನೆಯದು ಆಡಳಿತ ಮಂಡಳಿಯ ಸಭೆಗೆ ಹೋಗಿದೆ. ನನ್ನ ಬಳಿ ಬರುವ ಶಿಕ್ಷಕರ ಒತ್ತಡದಲ್ಲಿ ಒಂದು ಪಾಲು ಕೇಬಲ್ಲಿನದು, ಟೈಮ್‌ಟೇಬಲಿನದು. ಎಲ್ಲವನ್ನೂ ಅವರ ಮನಸ್ಸಿನ ಖಾತೆಗೆ ಬರೆಯುವುದು ಅನ್ಯಾಯ. ಅದರ ಮೇಲೆ ಫಲಿತಾಂಶದ ಭಾರ ಬೇರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇಕಡಾ 94ರೊಂದಿಗೆ ರಾಜ್ಯಕ್ಕೆ ಮೊದಲು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಇಲ್ಲಿ ಎರಡನೇ ಸ್ಥಾನಕ್ಕೂ ವಿವರಣೆ ಕೇಳುವವರಿದ್ದಾರೆ. ಹತ್ತನೇ ತರಗತಿಯ ವಿಜ್ಞಾನ ಟೀಚರೊಬ್ಬರು ಹೊಸ ಯಂತ್ರದ ಮುಂದೆ ಒಂದು ಪೀರಿಯಡ್ ಹಾಳಾದೀತೆಂದು ಹೆದರುವುದರಲ್ಲಿ ಅರ್ಥವಿಲ್ಲದೆ ಇಲ್ಲ.

ಗಂಡ ಒಮ್ಮೆ ಜೊತೆಗೆ ಬಂದಿದ್ದರು. “ಇನ್ನು ಕೆಲವೇ ವರ್ಷ ಅಲ್ಲವಾ, ಹೇಗಾದರೂ ದೂಡು ಅಂತ ಹೇಳ್ತಾ ಇದ್ದೇನೆ” ಎಂದರು. ದೂಡುವ ಮಾತು ಬೇಡ, ಭಾನುವಾರ ಸಂಜೆ ಇಬ್ಬರೂ ಒಟ್ಟಿಗೆ ಬೀಚಿಗಾದರೂ ನಡೆದು ಬನ್ನಿ, ಸೋಮವಾರದ ವಿಷಯ ಎತ್ತಬೇಡಿ ಎಂದೆ. ಸಂಜೆಯ ಮೇಲೆ ಕಾಫಿ ನಿಲ್ಲಿಸಲು, ನಡುರಾತ್ರಿ ಎಚ್ಚರವಾದರೆ ಫೋನು ನೋಡದಿರಲು ಟೀಚರಿಗೆ ಹೇಳಿದ್ದೆ. ಕಾಫಿ ಬಿಟ್ಟಿದ್ದಾರೆ, ಫೋನು ಬಿಟ್ಟಿಲ್ಲ.

ಈಗಿನ ಸ್ಥಿತಿ: ಜಿಎಡಿ–7 ಸೌಮ್ಯ ಹಂತಕ್ಕೆ ಇಳಿದಿದೆ. ಸೋಮವಾರದ ಪೀರಿಯಡ್ ನಡೆಯುತ್ತಿದೆ. ಸ್ಯಾಟ್ಸ್ ಕೆಲಸಕ್ಕೆ ಈಗಲೂ ಪಕ್ಕದಲ್ಲಿ ಯಾರಾದರೂ ಬೇಕು. ಔಷಧ ಬೇಕಾಗಲಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವೂ ನಿದ್ರೆ ಊಟ ಕೆಟ್ಟಿದ್ದರೆ, ಶಾಲೆಯ ಹೊರಗೂ ಆತಂಕ ಹರಡಿದ್ದರೆ, ಬದುಕೇ ಬೇಡವೆನಿಸಿದರೆ ನಾನೇ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಅಂಥ ಸ್ಥಿತಿಯಲ್ಲಿರುವ ಶಿಕ್ಷಕರು ಓದುತ್ತಿದ್ದರೆ 14416ಕ್ಕೆ ಫೋನು ಮಾಡಬಹುದು. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ದಿನದ ಯಾವ ಹೊತ್ತಿಗಾದರೂ, ಕನ್ನಡದಲ್ಲೇ ಮಾತಾಡಬಹುದು.

ಸ್ವಯಂನಿವೃತ್ತಿಯ ವಿಚಾರದಲ್ಲಿ ಮಾಡು, ಬೇಡ ಎಂದು ನಾನು ಹೇಳಲಿಲ್ಲ. ಆತಂಕದ ನಡುವೆ ದೊಡ್ಡ ನಿರ್ಧಾರ ಬೇಡ, ಪರೀಕ್ಷೆ ಮುಗಿದು ಏಪ್ರಿಲ್ ಬರಲಿ ಎಂಬ ಒಪ್ಪಂದ ಮಾತ್ರ ಆಗಿದೆ. ಅರ್ಜಿಯ ಕರಡು ಅವರ ಬಳಿಯೇ ಇದೆ. ಆಡಳಿತ ಮಂಡಳಿಯ ಫಾರಂನಲ್ಲಿ ಟಿಕ್ ಹಾಕುವ ಬದಲು ಹಿಂಬದಿಯಲ್ಲಿ ಒಂದು ಪುಟ ಬರೆದು ಕೊಟ್ಟಿದ್ದಾರೆ. ಅದನ್ನು ಯಾರಾದರೂ ಓದಿದರೇ ಎಂದು ಕೇಳಿದ್ದಕ್ಕೆ, “ಗೊತ್ತಿಲ್ಲ ಮೇಡಂ, ಪಿ.ಟಿ. ಮಾಷ್ಟ್ರು ಓದಿದರು” ಎಂದರು.